ಪಾದರಸ ಮರಳಿದ ಹಾದಿ



ಪರದೇಶದ ಕಸ ನಮ್ಮ ಬಂದರುಗಳಲ್ಲಿ ಬಂದಿಳಿಯುವ ಸುದ್ದಿ ಹಳೆಯದು. ಇಲ್ಲಿಯ ವಿಷ ಅಲ್ಲಿಗೆ ಹೋದದ್ದು ಮಾತ್ರ ಅಪರೂಪ. 2003ರಲ್ಲಿ ಕೊಡೈಕೆನಾಲಿನ ಹಿಂದೂಸ್ತಾನ್ ಲೀವರ್ ಥರ್ಮಾಮೀಟರ್ ಕಾರ್ಖಾನೆಯ ಸುಮಾರು 290 ಟನ್ ಪಾದರಸಯುಕ್ತ ತ್ಯಾಜ್ಯ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹಡಗೇರಿತು. ಅದನ್ನು ಕಾಯಿಸಿ, ಆವಿಯನ್ನು ತಂಪುಗೊಳಿಸಿ, ಪಾದರಸವನ್ನು ಮರಳಿ ಪಡೆಯುವ ವ್ಯವಸ್ಥೆ ಅಲ್ಲಿತ್ತು. ಇದನ್ನು ಉಪಕಾರವೆನ್ನಬೇಕಾಗಿಲ್ಲ. ಆ ಕಾರ್ಖಾನೆಯೇ 1980ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನಿನಿಂದ ಕಿತ್ತು ತಂದು ಬೆಟ್ಟದ ಮೇಲೆ ನೆಟ್ಟದ್ದು.

2001ರ ಮಾರ್ಚಿಯಲ್ಲಿ ಊರಿನ ಗುಜರಿ ಅಂಗಡಿಯೊಂದರಲ್ಲಿ ಒಡೆದ ಥರ್ಮಾಮೀಟರುಗಳ ರಾಶಿ ಸಿಕ್ಕಿರದಿದ್ದರೆ, ಜನ ಬೀದಿಗಿಳಿಯದಿದ್ದರೆ, ಹಡಗು ಹೊರಡುತ್ತಿರಲಿಲ್ಲ. ಹೊರಟ ಮೇಲೂ ಮಣ್ಣು ಅಲ್ಲೇ ಉಳಿಯಿತು, ದುಡಿದ ದೇಹಗಳೂ ಉಳಿದವು. 591 ಮಾಜಿ ಕಾರ್ಮಿಕರೊಡನೆ ಒಪ್ಪಂದವಾಗಲು 2016 ಬರಬೇಕಾಯಿತು. ಮಣ್ಣಿನಲ್ಲಿ ಎಷ್ಟು ಪಾದರಸ ಉಳಿಯಬಹುದೆಂಬ ತಕರಾರಂತೂ ಬಹುಕಾಲ ನಡೆಯಿತು.

ಭೋಪಾಲದ ಯೂನಿಯನ್ ಕಾರ್ಬೈಡ್ ವಿಷಕ್ಕೆ ಆ ಭಾಗ್ಯವೂ ಇರಲಿಲ್ಲ. 346 ಟನ್ನನ್ನು ಜರ್ಮನಿಗೆ ಒಯ್ಯುವ ಮಾತುಕತೆ 2012ರಲ್ಲಿ ಮುರಿದುಬಿತ್ತು. ಕಡೆಗೆ 2025ರ ಜನವರಿಯಲ್ಲಿ 337 ಟನ್ ತ್ಯಾಜ್ಯವನ್ನು, ಅಲ್ಲಿಯ ಜನರ ಪ್ರತಿಭಟನೆಯ ನಡುವೆ, ಪೀಥಂಪುರಕ್ಕೆ ಸಾಗಿಸಿ ಸುಡಲಾಯಿತು. ಅದಕ್ಕೆಂದು 126 ಕೋಟಿ ರೂಪಾಯಿ ಕೊಟ್ಟದ್ದು ಕೇಂದ್ರ ಸರ್ಕಾರ, ಅಂದರೆ ನಾವು ನೀವು. ವಿಷ ಬಿತ್ತಿದವನೇ ಅದನ್ನು ಹೊರಬೇಕೆಂಬ ನ್ಯಾಯ ಇಲ್ಲಿ ತಲೆಕೆಳಗಾಯಿತು.

1989ರ ಬಾಸೆಲ್ ಒಡಂಬಡಿಕೆಯ ಆಶಯ ಸ್ಪಷ್ಟವಾಗಿದೆ: ತ್ಯಾಜ್ಯ ಹುಟ್ಟಿದ ಕಡೆಯೇ ಅದರ ವಿಲೇವಾರಿಯಾಗಬೇಕು, ತಕ್ಕ ಸೌಕರ್ಯವಿಲ್ಲದಾಗ ಮಾತ್ರ, ಪಡೆಯುವ ದೇಶದ ಒಪ್ಪಿಗೆಯೊಡನೆ, ಹೊರಗೆ ಕಳುಹಿಸಬೇಕು. (ಅಮೆರಿಕ ಸಹಿ ಹಾಕಿಯೂ ಅದನ್ನು ಅನುಮೋದಿಸಿಲ್ಲವೆಂಬುದು ಬೇರೆ ಮಾತು.) ಆದರೆ ‘ಹುಟ್ಟಿದ ಕಡೆ’ ಎಂದರೆ ಯಾವುದು? ಕಾರ್ಖಾನೆಯಿದ್ದ ಬೆಟ್ಟವೋ, ಲಾಭ ಸೇರಿದ ದೇಶವೋ?

ಮಲ್ಕಾಜ್‌ಗಿರಿಯ ನಮಗೆ ಇದು ದೂರದ ಚರ್ಚೆಯಲ್ಲ. ನಾಚಾರಂ, ಮಲ್ಲಾಪುರ, ಚೆರ್ಲಪಲ್ಲಿಯ ಕೈಗಾರಿಕಾ ಪ್ರದೇಶಗಳು ನಮ್ಮ ಮಗ್ಗುಲಲ್ಲೇ ಇವೆ. ಅತ್ತ ಪಟಾನ್‌ಚೆರುವಿನ ಕಾರ್ಖಾನೆಗಳ ಕೊಳಕು ನೀರು ನಕ್ಕವಾಗು ಹಳ್ಳವನ್ನು ಕೆಡಿಸಿದ ಬಗ್ಗೆ 1990ರಲ್ಲೇ ಸರ್ವೋಚ್ಚ ನ್ಯಾಯಾಲಯಕ್ಕೆ ದೂರು ಹೋಯಿತು. ಆ ಹಳ್ಳ ಸೇರುವುದು ನಮ್ಮ ಬೀದರನ್ನು ಹಾದುಬರುವ ಮಂಜೀರಾ ನದಿಯನ್ನು. ಈಗ ಅಪಾಯಕಾರಿ ತ್ಯಾಜ್ಯ ನಮ್ಮ ಜಿಲ್ಲೆಯದೇ ಆದ ದುಂಡಿಗಲ್‌ನ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿಯ ಹಳ್ಳಿಗರಿಗೆ ನಾವೇ ಪರದೇಶದವರು!

ಈ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಹಿರಿಯರು ಸಂಘದಲ್ಲಿದ್ದಾರೆ. ತಮ್ಮ ಕಾಲದಲ್ಲಿ ಪೀಪಾಯಿಗಳು ಗೇಟು ದಾಟಿ ಎಲ್ಲಿಗೆ ಹೋಗುತ್ತಿದ್ದವೆಂಬುದನ್ನು ಅವರು ಬರೆದುಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಪುಟಗಳನ್ನು ಕಾದಿರಿಸುತ್ತೇವೆ.