ಗ್ರಾಮಿಗಿಂತ ಮೊದಲು ತಕ್ಕಡಿ



ದಸರೆಯ ರಜೆ ಬಂತೆಂದರೆ ನಿಮ್ಮಲ್ಲಿ ಹಲವರು ಕೇಳುವ ಪ್ರಶ್ನೆಯೊಂದಿದೆ: "ಮಗು ಎಲ್‌ಕೆಜಿಯಲ್ಲಿದೆ, ರಜೆಯಲ್ಲಿ ಏನು ಕಲಿಸೋಣ?" ನಾನು ಪಾಠ ಹೇಳಿದ್ದು ಪ್ರೌಢಶಾಲೆಯ ಮಕ್ಕಳಿಗೆ. ಆದರೂ ಈ ಪ್ರಶ್ನೆಗೆ ಉತ್ತರಿಸುವ ಅಧಿಕಾರ ನನಗೆ ಸ್ವಲ್ಪಮಟ್ಟಿಗೆ ಉಂಟೆಂದು ಭಾವಿಸುತ್ತೇನೆ. ಎಳೆಯ ವಯಸ್ಸಿನಲ್ಲಿ ಕೈಗೆ ದಕ್ಕದೆ ಹೋದದ್ದರ ಪರಿಣಾಮ ಎದ್ದು ಕಾಣುವುದು ಪ್ರೌಢಶಾಲೆಯಲ್ಲಿಯೇ. ಎರಡೂವರೆ ಕಿಲೋಗ್ರಾಮನ್ನು ಗ್ರಾಮಿಗೆ ತಪ್ಪಿಲ್ಲದೆ ಪರಿವರ್ತಿಸುವ ವಿದ್ಯಾರ್ಥಿಯನ್ನು, ಒಂದು ತೆಂಗಿನಕಾಯಿ ಎಷ್ಟು ತೂಗೀತು ಎಂದು ಕೇಳಿ ನೋಡಿ. ಐವತ್ತು ಗ್ರಾಂ ಎಂದಾನು, ಐದು ಕಿಲೋ ಎಂದರೂ ಎಂದಾನು. ಲೆಕ್ಕ ಬಲ್ಲ, ತೂಕವನ್ನರಿಯ.

ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳಿಬಿಡುತ್ತೇನೆ. ಆರು ವರ್ಷದೊಳಗಿನ ಮಗುವಿಗೆ ಗ್ರಾಂ, ಕಿಲೋಗ್ರಾಂಗಳ ಕೋಷ್ಟಕವನ್ನು ಬಾಯಿಪಾಠ ಮಾಡಿಸುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಮೊದಲು ಬೇಕಾದುದು ಭಾರ, ಹಗುರ, ಹೆಚ್ಚು, ಕಡಿಮೆ, ಸಮ ಎಂಬ ಐದು ಮಾತುಗಳು. ಅವೂ ಪುಸ್ತಕದ ಚಿತ್ರದಿಂದಲ್ಲ, ತೋಳಿನ ಅನುಭವದಿಂದ.

ನಮ್ಮ ದಸರೆಯಲ್ಲಿಯೇ ಇದಕ್ಕೆ ಏರ್ಪಾಡಿದೆ. ಹಳೆಯ ಮೈಸೂರು ಸೀಮೆಯ ಗೊಂಬೆ ಜೋಡಣೆಯಲ್ಲಿ ಪಟ್ಟದ ರಾಜರಾಣಿಯರಷ್ಟೇ ಅಲ್ಲದೆ ಅಂಗಡಿಯ ಮುಂದೆ ಕುಳಿತ ಶೆಟ್ಟಿ ಮತ್ತು ಶೆಟ್ಟಮ್ಮರೂ ಇರುತ್ತಾರೆ. ಅವರ ಮುಂದೆ ಅಕ್ಕಿ, ಬೇಳೆ, ಬೆಲ್ಲಗಳನ್ನು ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಇಡುವುದು ವಾಡಿಕೆ. ಆ ಅಂಗಡಿಯನ್ನು ನೋಡುವ ವಸ್ತುವಾಗಿಯಷ್ಟೇ ಉಳಿಸದೆ, ಅದರ ಪಕ್ಕದಲ್ಲಿ ಮಗುವಿನದೇ ಒಂದು ಅಂಗಡಿ ತೆರೆಯಿರಿ. ಬಟ್ಟೆ ನೇತುಹಾಕುವ ಹ್ಯಾಂಗರ್‌ನ ಎರಡು ತುದಿಗಳಿಗೆ ಸಮ ಉದ್ದದ ದಾರ, ದಾರಕ್ಕೆ ಒಂದೇ ಅಳತೆಯ ಎರಡು ಕರಟ. ಹ್ಯಾಂಗರನ್ನು ಮಗುವಿನ ಎದೆಯ ಮಟ್ಟಕ್ಕೆ ತೂಗುಹಾಕಿದರೆ ತಕ್ಕಡಿ ಸಿದ್ಧ. ಬರಿಯ ಕರಟಗಳೇ ಸಮವಾಗಿ ನಿಲ್ಲದಿದ್ದರೆ ಹಗುರವಾದ ಕಡೆಗೆ ಚೂರು ಜೇಡಿಮಣ್ಣು ಅಂಟಿಸಿ. ಆ ಕೆಲಸವನ್ನು ಮಗುವಿಗೇ ಬಿಡುವುದು ಉತ್ತಮ.

ತಕ್ಕಡಿಗಿಂತಲೂ ಮೊದಲು ಎರಡು ಕೈಗಳಿವೆ. ಒಂದು ಕೈಗೆ ದೊಡ್ಡ ಬಲೂನು, ಇನ್ನೊಂದಕ್ಕೆ ನಿಂಬೆಹಣ್ಣು ಕೊಡಿ. ದೊಡ್ಡದೆಲ್ಲವೂ ಭಾರವೆಂದು ನಂಬಿದ ಮಗು ಒಂದು ಕ್ಷಣ ಬೆರಗಾಗುತ್ತದೆ. ಅನಂತರ ಒಂದು ಲೋಟ ಪುರಿ, ಅದೇ ಲೋಟದ ತುಂಬ ರಾಗಿ. ಲೋಟ ಒಂದೇ, ತೂಕ ಬೇರೆ. ಸಾಂದ್ರತೆ ಎಂಬ ಪದವನ್ನು ಆಗ ಹೇಳಬೇಕಾದ ಅಗತ್ಯವಿಲ್ಲ. ಹತ್ತು ವರ್ಷಗಳ ಅನಂತರ ಆ ಪದ ಬಂದಾಗ ಅದಕ್ಕೆ ನಿಲ್ಲಲು ನೆಲ ಸಿದ್ಧವಾಗಿರುತ್ತದೆ.

ಮುಂದಿನ ಆಟ ಹುಣಿಸೆ ಬೀಜದ್ದು. ಒಂದು ನಿಂಬೆಹಣ್ಣಿಗೆ ಎಷ್ಟು ಬೀಜ ಹಾಕಿದರೆ ತಕ್ಕಡಿ ಸಮವಾಗುತ್ತದೆ? ಮೊದಲು ಊಹಿಸಲಿ, ಬಳಿಕ ಎಣಿಸಲಿ. ಉದ್ದಕ್ಕೆ ಗೇಣು, ಮೊಳಗಳಿವೆ. ಜಗಲಿಯನ್ನು ಅಜ್ಜ ಒಮ್ಮೆ ತನ್ನ ಗೇಣಿನಿಂದ ಅಳೆಯಲಿ, ಮೊಮ್ಮಗಳು ಒಮ್ಮೆ ಅಳೆಯಲಿ. ಉತ್ತರಗಳು ಬೇರೆಯಾದಾಗ "ಯಾರದು ಸರಿ?" ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಒಂದು ದೇಶಕ್ಕೂ ಎದುರಾದದ್ದು ಇದೇ ಪ್ರಶ್ನೆ. ಸೇರು ಎಂಬ ಹೆಸರು ಒಂದೇ ಆದರೂ ಅದರ ತೂಕ ಪ್ರಾಂತದಿಂದ ಪ್ರಾಂತಕ್ಕೆ ಬೇರೆಯಾಗಿತ್ತು. 1956ರಲ್ಲಿ ತೂಕ ಮತ್ತು ಅಳತೆಗಳ ಕಾನೂನು ಬಂದು, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಮೆಟ್ರಿಕ್ ತೂಕಗಳು ಜಾರಿಯಾದವು. ಆದರೂ ನಮ್ಮ ಅಡುಗೆಮನೆಗಳಲ್ಲಿ ಪಾವು, ಅಚ್ಚೇರುಗಳು ಇಂದಿಗೂ ಉಸಿರಾಡುತ್ತಿವೆ. ನಾಲ್ಕು ಪಾವು ಸುರಿದರೆ ಸೇರು ತುಂಬುವುದನ್ನು ಕಣ್ಣಾರೆ ಕಂಡ ಮಗುವಿಗೆ ಕಾಲುಭಾಗವೆಂದರೇನು ಎಂದು ಬೇರೆ ಹೇಳಬೇಕಾಗಿಲ್ಲ.

ಒಂದು ಎಚ್ಚರಿಕೆಯ ಮಾತು. ಗಿಡ್ಡ ಪಾತ್ರೆಯ ನೀರನ್ನು ಎತ್ತರದ ಲೋಟಕ್ಕೆ ಸುರಿದರೆ ನಾಲ್ಕು ವರ್ಷದ ಮಗು "ಈಗ ನೀರು ಹೆಚ್ಚಾಯಿತು" ಎನ್ನುತ್ತದೆ. ಗದರಿಸಬೇಡಿ, ತಿದ್ದಲೂ ಅವಸರಿಸಬೇಡಿ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896–1980) ಈ ಬಗೆಯ ಉತ್ತರಗಳನ್ನು ಕೂಲಂಕಷವಾಗಿ ಅಭ್ಯಸಿಸಿ, ಸುಮಾರು ಆರೇಳು ವರ್ಷದವರೆಗೆ ಇದು ಸಹಜವೆಂದು ತೋರಿಸಿದರು. ನೀರನ್ನು ಮತ್ತೆ ಹಳೆಯ ಪಾತ್ರೆಗೆ ಸುರಿಯಲು ಬಿಡಿ, ಅಷ್ಟೇ. ಇನ್ನೊಂದು ಎಚ್ಚರಿಕೆ: ಕಾಳು, ಬೀಜಗಳು ಮೂಗಿಗೂ ಗಂಟಲಿಗೂ ಹೋಗುವಂಥವು. ಆಟ ಮುಗಿಯುವ ತನಕ ದೊಡ್ಡವರೊಬ್ಬರು ಪಕ್ಕದಲ್ಲಿಯೇ ಕುಳಿತಿರಬೇಕು. ಮೂರು ವರ್ಷದೊಳಗಿನ ಮಕ್ಕಳಿಗೆ ಕಾಳುಗಳ ಆಟವೇ ಬೇಡ.

"ಈಗ ಎಲ್ಲ ಅಂಗಡಿಗಳಲ್ಲಿಯೂ ಡಿಜಿಟಲ್ ತಕ್ಕಡಿ ಇದೆಯಲ್ಲ, ಈ ಕರಟದ ತಕ್ಕಡಿ ಏತಕ್ಕೆ?" ಎಂದು ನೀವು ಕೇಳಬಹುದು. ಡಿಜಿಟಲ್ ತಕ್ಕಡಿ ಉತ್ತರವನ್ನು ಮಾತ್ರ ಕೊಡುತ್ತದೆ; ಆ ಉತ್ತರ ಹೇಗೆ ಬಂತೆಂಬುದು ಪೆಟ್ಟಿಗೆಯೊಳಗೆ ಅಡಗಿರುತ್ತದೆ. ಎರಡು ತಟ್ಟೆಯ ತಕ್ಕಡಿಯಲ್ಲಿ ಎಲ್ಲವೂ ಕಣ್ಣೆದುರಿಗೇ ನಡೆಯುತ್ತದೆ. ಒಂದು ಕಡೆ ತೆಗೆದಷ್ಟನ್ನು ಇನ್ನೊಂದು ಕಡೆಯೂ ತೆಗೆದರೆ ಸಮತೆ ಕೆಡುವುದಿಲ್ಲ. ಬೀಜಗಣಿತದ ಸಮೀಕರಣವೆಂದು ನಾವು ಬೋರ್ಡಿನ ಮೇಲೆ ಬರೆಯುವುದು ಇದನ್ನೇ ಅಲ್ಲವೆ? "ಈ ಕಡೆಯ ಸಂಖ್ಯೆ ಆ ಕಡೆಗೆ ಹೋದಾಗ ಚಿಹ್ನೆ ಬದಲಾಗುತ್ತದೆ" ಎಂಬ ಸೂತ್ರವನ್ನು ಕಾರಣವರಿಯದೆ ಉರುಹೊಡೆಯುವ ಮಕ್ಕಳನ್ನು ಕಂಡಾಗಲೆಲ್ಲ, ಇವರ ಕೈಯಲ್ಲಿ ಎಂದಾದರೂ ತಕ್ಕಡಿ ಇತ್ತೇ ಎಂದು ನನಗೆ ಅನ್ನಿಸಿದ್ದುಂಟು.

"ಉಳಿದ ಮಕ್ಕಳು ವರ್ಕ್‌ಷೀಟ್ ಬರೆಯುತ್ತಿರುವಾಗ ನಮ್ಮ ಮಗು ಹಿಂದೆ ಬೀಳುವುದಿಲ್ಲವೆ?" ಎಂಬ ಭಯವೂ ನಿಮಗಿರಬಹುದು. 2022ರಲ್ಲಿ ಪ್ರಕಟವಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಆಟವನ್ನೇ ಕಲಿಕೆಯ ಕೇಂದ್ರದಲ್ಲಿರಿಸಿದೆ. ಆದರೆ ಕಾಗದದಲ್ಲಿ ಇರುವುದು ಮನೆಗೆ ಬರುವುದು ನಿಮ್ಮಿಂದ. ಇದಕ್ಕೆ ಹಣ ಬೇಕಿಲ್ಲ, ಬೇಸಿಗೆ ಶಿಬಿರದ ಶುಲ್ಕವೂ ಬೇಕಿಲ್ಲ. ದಿನಕ್ಕೆ ಅರ್ಧ ಗಂಟೆಯ ಬಿಡುವು, ಮತ್ತು ನೆಲದ ಮೇಲೆ ರಾಗಿ ಚೆಲ್ಲಿದರೆ ಸಿಟ್ಟಾಗದ ಸಹನೆ, ಇವೆರಡೇ ಬೇಕಾದವು. ನಿಜ ಹೇಳಬೇಕೆಂದರೆ ಇಂದಿನ ಮನೆಗಳಲ್ಲಿ ಹಣಕ್ಕಿಂತ ಈ ಎರಡಕ್ಕೇ ಕೊರತೆ.

"ಅಳೆದೂ ತೂಗಿ ನೋಡು" ಎಂದು ನಮ್ಮ ಹಿರಿಯರು ಮದುವೆಯ ಮಾತಿಗೂ, ಸಾಲದ ಮಾತಿಗೂ ಹೇಳುತ್ತಿದ್ದರು. ಅಳೆಯುವುದನ್ನೂ ತೂಗುವುದನ್ನೂ ಕೈಯಿಂದ ಮಾಡಿ ಬಲ್ಲವರಿಗೆ ಆ ಮಾತಿನ ಅರ್ಥ ಬೇಗ ಹೊಳೆಯುತ್ತದೆ. ಈ ರಜೆಯಲ್ಲಿ ನಿಮ್ಮ ಮನೆಯ ಪುಟ್ಟ ಅಂಗಡಿಯಲ್ಲಿ ವ್ಯಾಪಾರ ಹೇಗಾಯಿತೆಂದು ಬಿಡುವಾದಾಗ ತಿಳಿಸಿ. ಮಕ್ಕಳಿಗೆ ನನ್ನ ಆಶೀರ್ವಾದಗಳು.