ಕಂಡುದನ್ನು ಕಾದಿಡುವ ಹಕ್ಕು

ಪುಸ್ತಕವನ್ನು ಕೊಂಡವನು ಓದಿ ಮುಗಿಸಿದ ಮೇಲೆ ಅದನ್ನು ಕಪಾಟಿನಲ್ಲಿಡುತ್ತಾನೆ. ಪತ್ರಿಕೆಯಲ್ಲಿ ಮನಸ್ಸಿಗೆ ಹಿಡಿಸಿದ ಬರೆಹವೊಂದು ಬಂದರೆ ಕತ್ತರಿಸಿ ಹಾಳೆಗೆ ಅಂಟಿಸಿಡುವವರು ಇಂದಿಗೂ ನಮ್ಮಲ್ಲಿ ಇದ್ದಾರೆ. ಈ ಪುರವಣಿಯ ವಾಚಕರಲ್ಲಿಯೇ ಅಂಥವರು ಹಲವರಿರಬೇಕು. ಅವರನ್ನು ಯಾರೂ ಕಳ್ಳರೆಂದು ಕರೆಯುವುದಿಲ್ಲ. ಆದರೆ ಟಿ.ವಿ.ಯಲ್ಲಿ ಕಂಡ ಒಂದು ಒಳ್ಳೆಯ ಸಂದರ್ಶನವನ್ನೋ ಬಯಲಾಟದ ಒಂದು ತುಣುಕನ್ನೋ ತನ್ನ ಮನೆಯ ಕಂಪ್ಯೂಟರಿನಲ್ಲಿ ತೆಗೆದಿಟ್ಟುಕೊಳ್ಳುವೆನೆಂದು ಹೊರಟ ಮನುಷ್ಯನಿಗೆ ಎದುರಾಗುವುದು ಬೀಗ. ಈ ಬೀಗವನ್ನು ಹಾಕಿದವರಾರು, ಯಾತಕ್ಕಾಗಿ ಹಾಕಿದರು, ಅದು ಎಲ್ಲಿಯವರೆಗೆ ನ್ಯಾಯ ಎಂಬುದನ್ನು ಕನ್ನಡದ ವಿದ್ಯಾರ್ಥಿಗಳೂ ಅಧ್ಯಾಪಕರೂ ವಿಚಾರಿಸಬೇಕಾದ ಕಾಲ ಬಂದಿದೆಯೆಂದು ನನ್ನ ಅಭಿಮತ. ಇದನ್ನು ಯಂತ್ರಜ್ಞರ ಪಾಲಿಗೆ ಬಿಟ್ಟು ನಾವು ಸುಮ್ಮನಿರತಕ್ಕದ್ದಲ್ಲ.

ಮೊದಲು ಸಂಗತಿ ಏನೆಂಬುದನ್ನು ತಿಳಿಯೋಣ. ಕೇಬಲ್ಲಿನ ತಂತಿಯಿಂದಾಗಲಿ ಉಪಗ್ರಹದಿಂದಾಗಲಿ ಇಂದು ಮನೆಗೆ ಬರುವ ಟಿ.ವಿ. ಎಂದರೆ ಅಂಕಿಗಳ ಒಂದು ಹೊಳೆ. ಅದು 188 ಬೈಟುಗಳ ಸಣ್ಣ ಸಣ್ಣ ಪೊಟ್ಟಣಗಳಾಗಿ ಹರಿದುಬರುತ್ತದೆ. ಇದು ಯಾವ ವಾಹಿನಿಯ ಚಿತ್ರ, ಇದು ಯಾವುದರ ಧ್ವನಿ ಎಂದು ಹೇಳುವ ಗುರುತಿನ ಸಂಖ್ಯೆಯೊಂದು ಪ್ರತಿಯೊಂದು ಪೊಟ್ಟಣದ ತಲೆಯ ಮೇಲೆ ಇರುತ್ತದೆ. ಅಲ್ಲಿಯೇ ಎರಡು ಬಿಟ್ಟುಗಳಷ್ಟು ಸ್ಥಳ ಬೀಗದ ಗುರುತಿಗಾಗಿ ಮೀಸಲಾಗಿದೆ. ಅವೆರಡೂ ಸೊನ್ನೆಯಾಗಿದ್ದರೆ ಪೊಟ್ಟಣ ಬಿಚ್ಚಿದ ಹಾಗೆಯೇ ಬಂದಿದೆ ಎಂದರ್ಥ. ಇಲ್ಲವಾದರೆ ಒಳಗಿನದು ಗೂಢಲಿಪಿ. ಬಿಚ್ಚಿದ ಪೊಟ್ಟಣವಾದರೆ ಕಂಪ್ಯೂಟರಿನ ತಂತ್ರಾಂಶಕ್ಕೆ ಇರುವ ಕೆಲಸ ಅತ್ಯಲ್ಪ. ಬೇಕಾದ ಸಂಖ್ಯೆಯ ಪೊಟ್ಟಣಗಳನ್ನು ಆರಿಸಿ ಹಾರ್ಡ್‌ಡಿಸ್ಕಿಗೆ ಸಾಲಾಗಿ ಬರೆಯುತ್ತ ಹೋದರೆ ತೀರಿತು. ಹಿಂದೆ ವಿ.ಸಿ.ಆರ್. ಕಾಲದಲ್ಲಿ ಆಗುತ್ತಿದ್ದಂತೆ ನಕಲಿನ ನಕಲು ಮಸುಕಾಗುವ ಭಯವಿಲ್ಲ. ಬಂದುದೇ ಯಥಾವತ್ತಾಗಿ ಉಳಿಯುತ್ತದೆ. ವಿ.ಎಲ್.ಸಿ., ಟಿವಿಹೆಡೆಂಡ್ ಮುಂತಾದ ತಂತ್ರಾಂಶಗಳು ಇದಕ್ಕೆ ಒದಗುತ್ತವೆ, ಅವಕ್ಕೆ ಬಿಡಿಗಾಸು ಕೊಡಬೇಕಾಗಿಲ್ಲ. ಟ್ಯೂನರ್ ಎಂಬ ಅಂಗೈಯಗಲದ ಒಂದು ಉಪಕರಣವನ್ನು ಮಾತ್ರ ಕೊಳ್ಳಬೇಕು.

ನಮ್ಮ ಸೀಮೆಗೂ ಟಿ.ವಿ.ಗೂ ಇರುವ ನಂಟು ಬೆಂಗಳೂರಿನವರು ಎಣಿಸಿರುವುದಕ್ಕಿಂತ ಹಳೆಯದು. 1975ನೆಯ ಆಗಸ್ಟ್ 1ರಿಂದ 1976ನೆಯ ಜುಲೈ 31ರವರೆಗೆ, ಅಮೆರಿಕದಿಂದ ಎರವಲು ಪಡೆದ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಶಿಕ್ಷಣದ ಕಾರ್ಯಕ್ರಮಗಳನ್ನು ಕಳುಹಿಸುವ ಪ್ರಯೋಗವೊಂದು ನಡೆಯಿತು. ಕರ್ನಾಟಕದ ಪಾಲಿಗೆ ಆರಿಸಿದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳನ್ನು. ಕೋಳಿಗೂಡಿನ ತಂತಿಬಲೆಯಿಂದ ಮಾಡಿದ ಹತ್ತು ಅಡಿಯ ಛತ್ರಿಯೊಂದು, ಶಾಲೆಯ ಅಂಗಳದಲ್ಲೋ ಪಂಚಾಯಿತಿಯ ಕಟ್ಟೆಯ ಮೇಲೋ ಇಟ್ಟ ಪೆಟ್ಟಿಗೆಯೊಂದು, ಅದರ ಮುಂದೆ ಊರಿಗೆ ಊರೇ. 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಆರಂಭವಾಯಿತು. ಬೆಂಗಳೂರಿನದು ಆದದ್ದು 1981ರಲ್ಲಿ. ಬರಗಾಲದ ಜಿಲ್ಲೆಗಳೆಂದು ಹೆಸರಾದ ನಾವು ಈ ಒಂದು ವಿಷಯದಲ್ಲಿಯಾದರೂ ರಾಜಧಾನಿಗಿಂತ ಮುಂದಿದ್ದೆವು! ಆ ಪ್ರಯೋಗದ ಕಾಲದಲ್ಲಿ ಆಕಾಶದಿಂದ ಬಂದುದಕ್ಕೆ ಬೀಗವಿರಲಿಲ್ಲ. ಆದರೆ ಅದನ್ನು ಹಿಡಿದಿಡುವ ಸಾಧನ ಹಳ್ಳಿಯವನ ಕೈಯಲ್ಲಿರಲಿಲ್ಲ. ಕಂಡರು, ಬೆರಗಾದರು, ಮರೆತರು. ಇಂದು ಸಾಧನವು ಸಾಮಾನ್ಯ ವಿದ್ಯಾರ್ಥಿಯ ಮೇಜಿನ ಮೇಲೆಯೇ ಇದೆ. ಬೀಗ ಬಿದ್ದಿರುವುದು ಈಗ.

ಇದು ಹೇಗಾಯಿತೆಂದರೆ, ತೊಂಬತ್ತರ ದಶಕದಿಂದ ಊರೂರಿಗೆ ಬಂದ ಕೇಬಲ್ ಹಳೆಯ ರೀತಿಯದು, ಮುಚ್ಚುಮರೆಯಿಲ್ಲದ್ದು. ಎರಡು ಸಾವಿರದ ನಂತರದ ವರುಷಗಳಲ್ಲಿ ಕಂಪ್ಯೂಟರಿನೊಳಗೆ ಟಿ.ವಿ. ಟ್ಯೂನರ್ ಕಾರ್ಡು ಸಿಕ್ಕಿಸಿಕೊಂಡು ಬೇಕಾದುದನ್ನು ಮುದ್ರಿಸಿಕೊಂಡವರು ರಾಯಚೂರಿನಲ್ಲಿಯೂ ಇದ್ದರು. ಆ ಬಳಿಕ, 1995ರ ಕೇಬಲ್ ಕಾಯಿದೆಗೆ 2011ರಲ್ಲಿ ತಿದ್ದುಪಡಿಯಾಯಿತು. ಕೇಬಲ್ಲಿನವರು ವಾಹಿನಿಗಳನ್ನು ಅಂಕೀಯ ರೂಪದಲ್ಲಿ, ಅದೂ ಗೂಢಲಿಪಿಯಲ್ಲಿಯೇ ಕಳುಹಿಸತಕ್ಕದ್ದೆಂದು ಅದು ವಿಧಿಸಿತು. 2012ರ ಅಕ್ಟೋಬರ್ ಅಂತ್ಯಕ್ಕೆ ಮಹಾನಗರಗಳಿಂದ ಮೊದಲಾದ ಈ ಕಾರ್ಯ ನಾಲ್ಕು ಹಂತಗಳಲ್ಲಿ ನಡೆದು, ನಮ್ಮಂಥ ಊರುಗಳಿಗೆ 2017ರ ಮಾರ್ಚ್ 31 ಕೊನೆಯ ಗಡುವಾಯಿತು. ವಿಚಿತ್ರವೆಂದರೆ ಅಮೆರಿಕದಲ್ಲಿಯೂ ಮೂಲ ವಾಹಿನಿಗಳನ್ನು ಬೀಗವಿಲ್ಲದೆ ಕಳುಹಿಸಬೇಕೆಂದು ಕೇಬಲ್ ಕಂಪನಿಗಳ ಮೇಲಿದ್ದ ಕಟ್ಟಳೆ ಸಡಿಲವಾದದ್ದು ಅದೇ 2012ರ ಅಕ್ಟೋಬರಿನಲ್ಲಿ.

ಈ ಬೀಗಕ್ಕೆ ಕಾರಣವೇ ಇರಲಿಲ್ಲವೆಂದು ನಾನು ವಾದಿಸುವುದಿಲ್ಲ. ಹಳೆಯ ಪದ್ಧತಿಯಲ್ಲಿ ನೂರು ಮನೆಗೆ ತಂತಿ ಎಳೆದವನು ಇಪ್ಪತ್ತೇ ಮನೆಯೆಂದು ಲೆಕ್ಕ ತೋರಿಸಬಹುದಾಗಿತ್ತು. ವಾಹಿನಿಗೂ ನಷ್ಟ, ಸರಕಾರದ ತೆರಿಗೆಗೂ ನಷ್ಟ. ಯಾರು ಎಷ್ಟು ಹಣ ಕೊಟ್ಟಿದ್ದಾರೋ ಅಷ್ಟನ್ನು ತೆರೆದು ತೋರಿಸುವ ಪೆಟ್ಟಿಗೆ ಬಂದುದರಿಂದ ಆ ಲೆಕ್ಕ ನೇರ್ಪಟ್ಟಿತು. ಹಣ ಕೊಡದವನು ನೋಡಬಾರದು ಎಂಬ ಮಾತು ಒಪ್ಪತಕ್ಕದ್ದೇ. ಆದರೆ ಹಣ ಕೊಟ್ಟವನು ಕಂಡುದನ್ನು ಇಟ್ಟುಕೊಳ್ಳಬಾರದು ಎಂಬುದು ಬೇರೆಯೇ ಒಂದು ಮಾತು. ಮೊದಲನೆಯದರ ನೆರಳಿನಲ್ಲಿ ಎರಡನೆಯದು ಯಾರ ಚರ್ಚೆಗೂ ಸಿಕ್ಕದೆ ಒಳಗೆ ಬಂದುಬಿಟ್ಟಿದೆ. ಪೆನ್‌ಡ್ರೈವ್ ಸಿಕ್ಕಿಸಿ ಮುದ್ರಿಸಿಕೊಳ್ಳುವ ಸೌಕರ್ಯವುಳ್ಳ ಪೆಟ್ಟಿಗೆಗಳೇನೋ ಇವೆ. ಆದರೆ ಅವುಗಳಲ್ಲಿ ಅನೇಕವು ಮುದ್ರಿಸಿದುದನ್ನು ತಮ್ಮಲ್ಲಿಯೇ ಹೊರತು ಮತ್ತೆಲ್ಲಿಯೂ ತೋರಿಸಗೊಡುವುದಿಲ್ಲ. ಪೆಟ್ಟಿಗೆ ಕೆಟ್ಟರೆ ಸಂಗ್ರಹವೂ ಕೆಟ್ಟಿತು.

ಇನ್ನೊಂದು ಸೋಜಿಗವಿದೆ. ಬೆಂಗಳೂರು ದೂರದರ್ಶನದ ‘ಚಂದನ’ ವಾಹಿನಿ ಪ್ರಜೆಗಳ ಹಣದಿಂದ ನಡೆಯುವುದು. 2004ರ ಡಿಸೆಂಬರಿನಲ್ಲಿ ಆರಂಭವಾದ, ಈಗ ಡಿ.ಡಿ. ಫ್ರೀ ಡಿಶ್ ಎಂದು ಕರೆಯಲ್ಪಡುವ ಉಪಗ್ರಹ ಸೇವೆಯಲ್ಲಿ ತಿಂಗಳ ಬಾಡಿಗೆ ಇಲ್ಲ, ಚಂದನಕ್ಕೆ ಬೀಗವೂ ಇಲ್ಲ. ಮಾಳಿಗೆಯ ಮೇಲೊಂದು ಛತ್ರಿಯಿಟ್ಟರೆ ಅದು ತೆರೆದ ಬಾವಿಯ ನೀರು. ಅದೇ ಚಂದನ, ಅದೇ ಗಳಿಗೆಯಲ್ಲಿ, ಕೇಬಲ್ಲಿನ ತಂತಿಯೊಳಗೆ ಹೊಕ್ಕು ಪಕ್ಕದ ಮನೆಗೆ ಬರುವಾಗ ಗೂಢಲಿಪಿಯಾಗಿ ಬರುತ್ತದೆ. ದೂರದರ್ಶನದ ವಾಹಿನಿಗಳನ್ನು ಕೇಬಲ್ಲಿನವರು ಕೊಡಲೇಬೇಕೆಂದು ಕಡ್ಡಾಯ ಮಾಡಿದ ಕಾಯಿದೆಯೇ ಅದಕ್ಕೂ ಬೀಗ ಹಾಕಿಸಿದೆ. ಸರ್ವರಿಗೂ ಉಚಿತವಾದುದನ್ನು ಕದಿಯುವರೆಂದು ಯಾರಿಗೆ ಭಯ? ಇದನ್ನು ನಮ್ಮೂರಿನ ಕೇಬಲ್ಲಿನ ಹುಡುಗನೊಬ್ಬನನ್ನು ಕೇಳಿದೆ. “ಸರ, ಬೀಗ ನಮ್ಮ ಕೈಯಾಗಿಲ್ರೀ, ಅದು ಮ್ಯಾಲಿಂದನ ಹಾಕ್ಕೊಂಡು ಬರ್ತದ. ನಾವು ಬರೀ ತಂತಿ ಎಳಿಯೋರು” ಎಂದ. ಅವನ ಮಾತು ದಿಟ.

ಇನ್ನು ಕಾನೂನಿನ ಕಡೆಗೆ ಬರೋಣ. ಟಿ.ವಿ. ಕಾರ್ಯಕ್ರಮವನ್ನು ಮುದ್ರಿಸಿಕೊಳ್ಳುವುದೇ ಅಪರಾಧವೆಂದು ನಮ್ಮ ವಿದ್ಯಾವಂತರಲ್ಲಿಯೂ ಹಲವರು ತಿಳಿದಿದ್ದಾರೆ. 1957ರ ಕೃತಿಸ್ವಾಮ್ಯ ಕಾಯಿದೆಯ 39ನೆಯ ಪ್ರಕರಣವನ್ನು ಓದಿದರೆ ಆ ಭ್ರಮೆ ಕಳೆಯುತ್ತದೆ. ಮುದ್ರಿಸಿಕೊಳ್ಳುವವನ ಖಾಸಗಿ ಉಪಯೋಗಕ್ಕಾಗಿ, ಅಥವಾ ಪ್ರಾಮಾಣಿಕವಾದ ಬೋಧನೆ ಇಲ್ಲವೆ ಸಂಶೋಧನೆಗಾಗಿಯೇ ಮಾಡಿದ ಧ್ವನಿಮುದ್ರಣ, ದೃಶ್ಯಮುದ್ರಣಗಳಿಂದ ಪ್ರಸಾರ ಸಂಸ್ಥೆಯ ಹಕ್ಕಿಗಾಗಲಿ ಕಲಾವಿದನ ಹಕ್ಕಿಗಾಗಲಿ ಭಂಗ ಬರುವುದಿಲ್ಲವೆಂದು ಅದು ಹೇಳುತ್ತದೆ. ಒಳಗಿನ ಕೃತಿಗಳ ವಿಷಯದಲ್ಲಿ 52ನೆಯ ಪ್ರಕರಣವೂ ಖಾಸಗಿ ಉಪಯೋಗಕ್ಕೂ ಸಂಶೋಧನೆಗೂ ನ್ಯಾಯವಾದ ಅವಕಾಶ ಕೊಟ್ಟಿದೆ. 2012ರಲ್ಲಿ ಸೇರಿಸಿದ 65ಎ ಪ್ರಕರಣವು ಬೀಗ ಮುರಿಯುವವನಿಗೆ ಎರಡು ವರುಷಗಳವರೆಗೆ ಸೆರೆವಾಸ ವಿಧಿಸುವುದಾದರೂ, ಹಕ್ಕನ್ನು ಭಂಗಪಡಿಸುವ ಉದ್ದೇಶದಿಂದ ಮುರಿದವನಿಗೆ ಮಾತ್ರ ಎಂಬ ವಿವೇಕ ಅದರಲ್ಲಿದೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಸೋನಿ ಕಂಪನಿಯ ವಿ.ಸಿ.ಆರ್. ಮೊಕದ್ದಮೆಯಲ್ಲಿ, ಮನೆಯಲ್ಲಿ ಮುದ್ರಿಸಿ ಆಮೇಲೆ ನೋಡುವುದು ನ್ಯಾಯವೆಂದು 1984ರಲ್ಲಿ ಒಪ್ಪಿದುದು ಐವರಿಗೆ ನಾಲ್ವರೆಂಬಷ್ಟು ಕಿರಿದಾದ ಬಹುಮತದಿಂದ. ನಮಗೆ ಅಷ್ಟು ಬಡಿದಾಟ ಬೇಕಾಗಲಿಲ್ಲ. ಕಾಯಿದೆಯೇ ಬಾಯಿಬಿಟ್ಟು ಹೇಳಿದೆ. ಹೀಗಿರಲು, ಶಾಸನವು ಬಲಗೈಯಿಂದ ಅಧ್ಯಾಪಕನಿಗೆ ಕೊಟ್ಟುದನ್ನು ಪೆಟ್ಟಿಗೆಯು ಎಡಗೈಯಿಂದ ಕಿತ್ತುಕೊಂಡಂತಾಯಿತಲ್ಲವೆ?

‘ಟಿ.ವಿ.ಯಲ್ಲಿ ಕಾದಿಡುವಂಥದು ಏನಿದೆ, ಬರಿಯ ಗದ್ದಲ’ ಎನ್ನುವ ಸಾಹಿತ್ಯವಂತರೂ ಇದ್ದಾರೆ. ಗದ್ದಲ ಬಹಳವೆಂಬುದನ್ನು ನಾನೂ ಬಲ್ಲೆ. ಆದರೆ 2002ರಿಂದ ನಡೆದುಬಂದ ‘ಥಟ್ ಅಂತ ಹೇಳಿ’ಯಲ್ಲಿ ನಾ. ಸೋಮೇಶ್ವರರು ಸಾವಿರಾರು ಸಂಚಿಕೆಗಳಲ್ಲಿ ಕನ್ನಡದ ಗಾದೆ, ಒಗಟು, ಕಾವ್ಯ, ಶಬ್ದಾರ್ಥಗಳನ್ನು ಕೇಳುತ್ತ, ಬಹುಮಾನವಾಗಿ ಪುಸ್ತಕಗಳನ್ನು ಹಂಚುತ್ತ ಬಂದುದು ಗದ್ದಲವಲ್ಲ. ಭೈರಪ್ಪನವರ ‘ಗೃಹಭಂಗ’ವನ್ನು ಕಾಸರವಳ್ಳಿಯವರು ಧಾರಾವಾಹಿಯಾಗಿಸಿದುದು ಗದ್ದಲವಲ್ಲ. ಅದೂ ಅಲ್ಲದೆ, ಯಾವುದು ಉಳಿಯತಕ್ಕದ್ದು ಎಂಬುದನ್ನು ಅದನ್ನು ಮಾಡಿದವನೊಬ್ಬನೇ ಎಂದೂ ನಿರ್ಣಯಿಸಿಲ್ಲ. ಚೀಕಲಪರ್ವಿಯ ವಿಜಯದಾಸರ, ಮಾನ್ವಿಯ ಜಗನ್ನಾಥದಾಸರ ಹಾಡುಗಳು ನಮ್ಮವರೆಗೆ ಬಂದದ್ದು ಕೇಳಿದವರು ಬಾಯಿಪಾಠ ಮಾಡಿದ್ದರಿಂದ, ಬರೆದಿಟ್ಟುಕೊಂಡಿದ್ದರಿಂದ. ಬಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತರಲು ಸಾಧ್ಯವಾದದ್ದು, ಮನೆಮನೆಗಳಲ್ಲಿ ಮಠಗಳಲ್ಲಿ ಹೊಗೆ ಹಿಡಿದು ಬಿದ್ದಿದ್ದ ಓಲೆಗರಿಯ ಕಟ್ಟುಗಳನ್ನು ಯಾರೋ ಒಲೆಗೆ ಹಾಕದೆ ಇಟ್ಟಿದ್ದುದರಿಂದ. ಆ ಮನೆಗಳವರು ಯಾರ ಅಪ್ಪಣೆಯನ್ನೂ ಪಡೆದು ಇಟ್ಟವರಲ್ಲ.

ಹೊರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಬ್ರಿಟನ್ನಿನ ಬಿ.ಬಿ.ಸಿ.ಯಂಥ ದೊಡ್ಡ ಸಂಸ್ಥೆ ಅರವತ್ತು, ಎಪ್ಪತ್ತರ ದಶಕಗಳಲ್ಲಿ ಟೇಪು ಉಳಿಸುವ ಹಂಬಲದಿಂದ ತನ್ನ ಕಾರ್ಯಕ್ರಮಗಳನ್ನು ತಾನೇ ಅಳಿಸಿಹಾಕಿತು. ‘ಡಾಕ್ಟರ್ ಹೂ’ ಎಂಬ ಜನಪ್ರಿಯ ಧಾರಾವಾಹಿಯ ಎಷ್ಟೋ ಕಂತುಗಳು ಹೀಗೆ ಹೋದವು. ಹೋದ ಕಂತುಗಳ ಧ್ವನಿಯಾದರೂ ಇಂದು ಸಿಕ್ಕುವುದು ಮನೆಯಲ್ಲಿ ಟಿ.ವಿ.ಯ ಮುಂದೆ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಕುಳಿತ ಹುಡುಗರಿಂದ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೇರಿಯನ್ ಸ್ಟೋಕ್ಸ್ ಎಂಬ ಗ್ರಂಥಪಾಲಿಕೆಯೊಬ್ಬಳು 1979ರ ಸುಮಾರಿನಿಂದ 2012ರಲ್ಲಿ ತೀರಿಕೊಳ್ಳುವವರೆಗೆ ಹಗಲಿರುಳು ವಾರ್ತೆಗಳನ್ನು ಮುದ್ರಿಸಿದಳು. ಬಿಟ್ಟುಹೋದ ಟೇಪುಗಳು ಸುಮಾರು 70 ಸಾವಿರ. ಹುಚ್ಚಿ ಎಂದವರೂ ಇದ್ದಿರಬೇಕು.

ನನ್ನ ತರಗತಿಯ ವಿದ್ಯಾರ್ಥಿನಿಯೊಬ್ಬಳ ಅಜ್ಜ ತತ್ತ್ವಪದದ ಹಾಡುಗಾರರು. ಏಕತಾರಿ ಹಿಡಿದು ಕುಳಿತರೆ ಬೆಳಗಾಗುವುದೇ ತಿಳಿಯುತ್ತಿರಲಿಲ್ಲವಂತೆ. ಕೆಲವು ವರುಷಗಳ ಹಿಂದೆ ಒಂದು ವಾಹಿನಿಯವರು ಕರೆಸಿ ಅರ್ಧ ತಾಸು ಹಾಡಿಸಿದರು. ಮನೆಯವರೆಲ್ಲ ಕೇಬಲ್ಲಿನಲ್ಲಿ ಒಂದು ಸಲ ಕಂಡರು. ಅಜ್ಜ ತೀರಿಕೊಂಡ ಮೇಲೆ ಆ ಅರ್ಧ ತಾಸಿಗಾಗಿ ಅವರ ಮಗ ಎಷ್ಟು ಸಲ ಬರೆದರೂ ಫೋನು ಮಾಡಿದರೂ ದೊರೆಯಲಿಲ್ಲ. ಪ್ರಸಾರವಾದುದನ್ನು 90 ದಿನ ಇಟ್ಟಿರಬೇಕೆಂದು ಸರಕಾರದ ನಿಯಮ ವಾಹಿನಿಗಳಿಗೆ ಹೇಳುತ್ತದೆ. ಅದು ದೂರು ಬಂದರೆ ವಿಚಾರಣೆಗಾಗಿ, ನೆನಪಿಗಾಗಿ ಅಲ್ಲ. ತೊಂಬತ್ತೊಂದನೆಯ ದಿನಕ್ಕೆ ಯಾವ ನಿಯಮವೂ ಇಲ್ಲ. ಆ ಹುಡುಗಿಯ ನೋಟುಬುಕ್ಕಿನಲ್ಲಿ ಅಜ್ಜನ ಹನ್ನೆರಡು ಪದಗಳ ಸಾಹಿತ್ಯವಿದೆ. ಧಾಟಿ ಅವಳಿಗೆ ಮೂರಕ್ಕೆ ಮಾತ್ರ ಗೊತ್ತು.

‘ಈಗೆಲ್ಲ ಯೂಟ್ಯೂಬಿನಲ್ಲಿದೆಯಲ್ಲ’ ಎಂಬ ಉತ್ತರ ಸಿದ್ಧವಾಗಿದೆ. ಇದ್ದುದು ಇದೆ. ಹಾಕಿದವನು ತೆಗೆಯುವವರೆಗೆ ಇದೆ. ಅದು ಹಾಕಿದವನ ಕಪಾಟು, ನಮ್ಮದಲ್ಲ.

ಪುಸ್ತಕಗಳಿಗಾಗಿ ನಮ್ಮಲ್ಲಿ 1954ರಷ್ಟು ಹಿಂದೆಯೇ ಒಂದು ಕಾಯಿದೆಯಾಯಿತು. ಅದರಂತೆ ಅಚ್ಚಾದ ಪ್ರತಿಯೊಂದು ಪುಸ್ತಕ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಕೆಲವು ಗ್ರಂಥಾಲಯಗಳಿಗೂ ಸಲ್ಲಬೇಕು. ಎರಡು ವರುಷಗಳ ಬಳಿಕ ಪತ್ರಿಕೆಗಳನ್ನೂ ಸೇರಿಸಿದರು. ಟಿ.ವಿ.ಗೆ ಅಂಥ ವ್ಯವಸ್ಥೆ ಆ ಕಾಯಿದೆಯಲ್ಲಿಲ್ಲ. ಫ್ರಾನ್ಸು 1992ರಲ್ಲಿಯೇ ರೇಡಿಯೋ, ಟಿ.ವಿ. ಪ್ರಸಾರಗಳ ಪ್ರತಿಯನ್ನು ರಾಷ್ಟ್ರೀಯ ಸಂಸ್ಥೆಗೆ ಒಪ್ಪಿಸುವಂತೆ ಕಾನೂನು ಮಾಡಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಓಲೆಗರಿಗಳಿಗಾಗಿ ಹಸ್ತಪ್ರತಿ ವಿಭಾಗ ನಡೆಸುತ್ತದೆ; ಇಂದಿನ ಹಸ್ತಪ್ರತಿಗಳಾದ ಈ ದೃಶ್ಯಗಳಿಗೂ ಅಲ್ಲಿ ಒಂದು ಕೋಣೆ ಬೇಡವೆ? ಸಾರ್ವಜನಿಕ ಹಣದ ಚಂದನವನ್ನಾದರೂ ಕೇಬಲ್ಲಿನಲ್ಲಿ ಬೀಗವಿಲ್ಲದೆ ಬಿಡಲು ಕಾಯಿದೆಯಲ್ಲಿ ಒಂದು ಸಾಲು ಸೇರಿಸಿದರೆ ಯಾರ ಗಂಟೂ ಹೋಗದು. ಫ್ರೀ ಡಿಶ್ಶಿಗೆ ನಾಳೆ ಬೀಗ ಹಾಕೋಣವೆಂದು ಯಾರಾದರೂ ಹೊರಟರೆ ಮೊದಲು ಪ್ರತಿಭಟಿಸಬೇಕಾದವರು ಕನ್ನಡದ ಮೇಷ್ಟ್ರುಗಳು.

ಶಾಸನವಾಗುವವರೆಗೆ ಕಾಯಬೇಕೆಂದೇನೂ ಇಲ್ಲ. ಪ್ರತಿ ಕಾಲೇಜಿನಲ್ಲಿಯೂ ಮೂಲೆ ಸೇರಿದ ಹಳೆಯ ಕಂಪ್ಯೂಟರೊಂದು ಇದ್ದೇ ಇದೆ. ಸೆಕೆಂಡಿಗೆ ನಾಲ್ಕು ಮೆಗಾಬಿಟ್ಟಿನ ಲೆಕ್ಕದಲ್ಲಿ ಒಂದು ಗಂಟೆಯ ಕಾರ್ಯಕ್ರಮ 1.8 ಗಿಗಾಬೈಟು ಹಿಡಿಯುತ್ತದೆ. ಒಂದು ಟೆರಾಬೈಟಿನ ಡಿಸ್ಕಿನಲ್ಲಿ 550 ಗಂಟೆ, ಅಂದರೆ ಅರ್ಧ ಗಂಟೆಯ ಸಾವಿರದ ನೂರು ಸಂಚಿಕೆ. ನಮ್ಮ ಮನೆಯ ಮಾಳಿಗೆಯ ಮೇಲಿನ ಛತ್ರಿ ತೆಂಕಣ ದಿಕ್ಕಿನ ಆಕಾಶಕ್ಕೆ ಮುಖ ಮಾಡಿ ನಿಂತು ಎರಡು ವರುಷವಾಯಿತು. ತಂತ್ರಾಂಶಕ್ಕೆ ವೇಳೆಯನ್ನು ಒಮ್ಮೆ ಹೇಳಿಟ್ಟರೆ ನಾನು ಪಾಠದಲ್ಲಿದ್ದಾಗಲೂ ಅದು ತನ್ನ ಕೆಲಸ ಮಾಡುತ್ತಿರುತ್ತದೆ. ವಿದ್ಯುತ್ತು ಹೋದ ದಿನ ಮಾತ್ರ ಕಡತ ಅರ್ಧಕ್ಕೇ ನಿಲ್ಲುತ್ತದೆ. ಕಡತಕ್ಕೆ ತಾರೀಖು, ಕಾರ್ಯಕ್ರಮ, ಹಾಡಿದವರ ಅಥವಾ ಮಾತನಾಡಿದವರ ಹೆಸರು, ಊರು ಇಷ್ಟನ್ನು ಬರೆದಿಡಲು ಬಿ.ಎ. ತರಗತಿಯ ನಾಲ್ವರು ಒಪ್ಪಿದ್ದಾರೆ. ಹೆಸರು ಬರೆಯುವ ಕೆಲಸವೇ ಬೇಸರದ್ದು, ಅದೇ ಮುಖ್ಯವಾದದ್ದು. ಅಜ್ಜನ ಮೊಮ್ಮಗಳು ಆ ನಾಲ್ವರಲ್ಲಿ ಒಬ್ಬಳು; ತತ್ತ್ವಪದದ ಕಾರ್ಯಕ್ರಮಗಳಿಗೆ ಬೇರೆಯ ಒಂದು ಪಟ್ಟಿ ಮಾಡಬೇಕೆಂದು ಅವಳು ಹಟ ಹಿಡಿದಿದ್ದಾಳೆ.