ಖರೀದಿಗೆ ಓಡುವ ಉತಾರ ಸಾವಿಗೆ ಕದಲದು

ಹೊಲ ಮಾರಾಟವಾದರೆ ಉತಾರ ಈಗ ತಾನಾಗಿ ತಿದ್ದುಪಡಿಗೆ ಹೊರಡುತ್ತದೆ. ಹೊಲದ ಒಡೆಯ ತೀರಿಕೊಂಡರೆ ಅದೇ ಉತಾರ ವರ್ಷಗಟ್ಟಲೆ ಇದ್ದಲ್ಲೇ ಇರುತ್ತದೆ. ಮೇಡ್ಲೇರಿ ಸುತ್ತಲಿನ ಊರುಗಳಿಗೆ ಹೋದಾಗ ಬೀಜ, ಗೊಬ್ಬರದ ಪ್ರಶ್ನೆಗಿಂತ ಅಜ್ಜನ ಹೆಸರಿನಲ್ಲೇ ಉಳಿದ ಹೊಲದ ಪ್ರಶ್ನೆಯನ್ನೇ ರೈತರು ನನಗೆ ಹೆಚ್ಚಾಗಿ ಕೇಳುತ್ತಾರೆ. ಹೀಗೇಕೆ ಎಂಬುದನ್ನು ರೈತ ಬಾಂಧವರು ತಿಳಿದಿರುವುದು ಅವಶ್ಯ.

ಹಿಂದೆ ಖರೀದಿಪತ್ರ ನೋಂದಾದ ಮೇಲೆ ಅದರ ವಿವರ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತಹಶೀಲ್ದಾರ ಕಚೇರಿಗೆ ಕಾಗದದಲ್ಲಿಯೇ ಹೋಗಬೇಕಿತ್ತು. ನಡುವೆ ಅದು ಯಾವ ಕಟ್ಟಿನೊಳಗೆ ಕುಳಿತರೂ ಕೇಳುವವರಿರಲಿಲ್ಲ; ರೈತ ತಲಾಟಿಯ ಹಿಂದೆ ತಿರುಗುತ್ತಿದ್ದ. 2000ನೇ ಇಸವಿಯ ಹೊತ್ತಿಗೆ ಆರಂಭವಾದ ‘ಭೂಮಿ’ ಯೋಜನೆ ಉತಾರಗಳನ್ನು ಗಣಕಯಂತ್ರಕ್ಕೆ ಏರಿಸಿತು. ಮುಂದೆ ನೋಂದಣಿ ಇಲಾಖೆಯ ‘ಕಾವೇರಿ’ಯನ್ನು ಅದಕ್ಕೆ ಜೋಡಿಸಿದರು. ಈಗ ಪತ್ರ ನೋಂದಾದದ್ದೇ ಗಂಟೆ ಬಾರಿಸಿದಂತೆ. ‘ಜೆ ಸ್ಲಿಪ್’ ಎಂಬ ಸೂಚನೆ ಭೂಮಿಗೆ ತಾನಾಗಿ ತಲುಪುತ್ತದೆ, ಹಕ್ಕು ಬದಲಾವಣೆಯ ಪ್ರಕರಣ ತೆರೆಯುತ್ತದೆ, ನೋಟೀಸು ಹೊರಡುತ್ತದೆ. ಅವಧಿಯೊಳಗೆ ತಕರಾರು ಬಾರದಿದ್ದರೆ ಮಂಜೂರು, ಬಂದರೆ ವಿಚಾರಣೆ. ಮೊದಲು ಬಂದದ್ದಕ್ಕೆ ಮೊದಲ ಸರದಿ ಎಂಬುದನ್ನು ಯಂತ್ರವೇ ಕಾಯುವುದರಿಂದ, ಬೇಕಾದವರ ಕಾಗದವನ್ನು ಮೇಲೆ ಎತ್ತಿಡುವ ಹಳೆಯ ಚಾಳಿಗೂ ಕಡಿವಾಣ ಬಿತ್ತು. ಬ್ಯಾಂಕಿನ ಬೆಳೆಸಾಲದ ಬೋಜಾ ಸಹ ‘ಫ್ರೂಟ್ಸ್’ ಮೂಲಕ ಉತಾರಕ್ಕೆ ಏರುತ್ತದೆ. (ಸಾಲ ತೀರಿಸಿದವರು ಬೋಜಾ ಇಳಿದಿದೆಯೇ ಎಂದು ಉತಾರ ತೆಗೆಸಿ ನೋಡುವುದು ಒಳ್ಳೆಯದು.)

ಸಾವಿನ ಸಂಗತಿ ಬೇರೆ. ಮರಣವನ್ನು 21 ದಿನಗಳೊಳಗೆ ತಿಳಿಸಿ ನೋಂದಾಯಿಸುವ ಪದ್ಧತಿ 1969ರ ಕಾಯಿದೆಯಿಂದ ಬಂದಿದೆ. ಆದರೆ ಮರಣ ನೋಂದಾದ ಮಾತ್ರಕ್ಕೆ ಉತಾರದ ಹೆಸರು ಬದಲಾಗದು. ವಾರಸುದಾರರು ಮರಣ ಪ್ರಮಾಣಪತ್ರ, ವಂಶವೃಕ್ಷ ಹಚ್ಚಿ ಅರ್ಜಿ ಕೊಡಬೇಕು. ಕೊಡದೆ ಬಿಟ್ಟವರು ಲಕ್ಷಗಟ್ಟಲೆ ಇರುವುದರಿಂದಲೇ 2025ರಲ್ಲಿ ಸರಕಾರ ‘ಇ-ಪೌತಿ’ ಆಂದೋಲನ ಹಮ್ಮಿಕೊಳ್ಳಬೇಕಾಯಿತು. ಬಿಟ್ಟರೆ ನಷ್ಟ ಯಾರಿಗೆ? ಪಿ.ಎಂ. ಕಿಸಾನ್ ವರ್ಷಕ್ಕೆ 6,000 ರೂಪಾಯಿ ಕೊಡುತ್ತದೆ. 1-2-2019ರ ನಂತರ ಹೊಲ ಕೊಂಡವರಿಗೆ ಅದು ಸಿಗದು, ವಾರಸಾದಿಂದ ಬಂದವರಿಗೆ ಸಿಗುತ್ತದೆ. ಆದರೆ ಉತಾರದಲ್ಲಿ ಹೆಸರಿರಬೇಕು. ಬೆಳೆಸಾಲ, ಬೆಳೆ ವಿಮೆಯ ತೊಡಕೂ ಇದೇ.

ಹಾಗಾದರೆ ಸಾವಿಗೂ ಯಂತ್ರವೇ ಹೆಸರು ಏರಿಸಿಬಿಡಲಿ ಎನ್ನುವವರಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಖರೀದಿಪತ್ರಕ್ಕೆ ಕೊಟ್ಟವರೂ ಕೊಂಡವರೂ ಅಧಿಕಾರಿಯ ಎದುರಿಗೇ ಒಪ್ಪಿಗೆ ಕೊಟ್ಟಿರುತ್ತಾರೆ. ಮರಣ ಪ್ರಮಾಣಪತ್ರವಾದರೋ ಸತ್ತವರು ಯಾರೆಂದು ಹೇಳುತ್ತದೆಯೇ ಹೊರತು ವಾರಸುದಾರರು ಯಾರೆಂದು ಹೇಳುವುದಿಲ್ಲ. ಅದನ್ನು ಹೇಳುವುದು ವಂಶವೃಕ್ಷ. ವಂಶವೃಕ್ಷ ಹೇಳುವವರು ಮನೆಯಲ್ಲಿರುವ ಗಂಡುಮಕ್ಕಳು. ಮದುವೆಯಾಗಿ ಬ್ಯಾಡಗಿಗೋ ಹಿರೇಕೆರೂರಿಗೋ ಹೋದ ಹೆಣ್ಣುಮಗಳು ಅದರಿಂದ ಬಿಟ್ಟುಹೋಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಹೇಳಿದೆ. ತಪ್ಪು ವಂಶವೃಕ್ಷವನ್ನು ತಲಾಟಿ ವಿಚಾರಿಸಿದರೆ ನೆರೆಮನೆಯವರಾದರೂ ‘ಇನ್ನೊಬ್ಬಳು ಮಗಳಿದ್ದಾಳಲ್ಲ’ ಎಂದಾರು. ಯಂತ್ರ ನೆರೆಮನೆಗೆ ಹೋಗದು.

ಆದ್ದರಿಂದ ನನ್ನ ಸೂಚನೆ ಇಷ್ಟು. ಮರಣ ನೋಂದಾದೊಡನೆ ಪ್ರಕರಣ ತಾನಾಗಿ ತೆರೆಯಲಿ. ಹೆಣ್ಣುಮಕ್ಕಳ ಗಂಡನ ಊರಿಗೂ ನೋಟೀಸು ಹೋಗಲಿ. ಅಲ್ಲಿಗೆ ಯಂತ್ರ ನಿಲ್ಲಲಿ. ಮುಂದಿನ ಪರಿಶೀಲನೆಯನ್ನು ಊರಿಗೆ ಬಂದು ಮನುಷ್ಯನೇ ಮಾಡಲಿ. ಚಾವಡಿಗೆ ಹಚ್ಚಿದ ನೋಟೀಸನ್ನು ಓದುವವರು ಕಡಿಮೆ. ವಾಚನಾಲಯದಲ್ಲಿ ಪತ್ರಿಕೆ ಓದಿ ಹೇಳುವ ಹುಡುಗರು ವಾರಕ್ಕೊಮ್ಮೆ ಆ ಪಟ್ಟಿಯನ್ನೂ ಓದಿ ಹೇಳಿದರೆ ದೊಡ್ಡ ಉಪಕಾರ. ತಕರಾರಿನ ದಿನಗಳು ಯಾರಿಗೂ ಕಾಯುವುದಿಲ್ಲ.

ಅಲ್ಲಿಯವರೆಗೆ ಅರ್ಜಿಯನ್ನು ನಾವೇ ಕೊಡಬೇಕು. ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರು ಮೊದಲೇ ಬರೆಸಿರಿ. ಅವರಲ್ಲಿ ಯಾರಾದರೂ ತಮ್ಮ ಪಾಲು ಬೇಡವೆಂದು ಮನಃಪೂರ್ವಕ ಹೇಳಿದರೆ ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಿ ಕೊಡಲಿ. ಆ ಪತ್ರದ ಸೂಚನೆ ಭೂಮಿಗೆ ತಾನಾಗಿ ಹೋಗುತ್ತದೆ.